ಯಮುನ ಹಾರಿಸಿದ ಎರಡನೇ ಗುಂಡು

ಎಲ್ಲಕ್ಕೂ ಕಾರಣ ಒಂದು ಮಂಗ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿದ್ದ ಕಾಲ ಅದು. ಭಾಗಮಂಡಲದಿಂದ ಮಡಿಕೇರಿಗೆ ದಿನಕ್ಕೆ ಎರಡೇ ಬಸ್ಸು. ಅದರ ಹಾರ್ನ್ ಕೇಳಿ ಹೆಂಗಸರು ಅನ್ನಕ್ಕೆ ಎಸರಿಡುತ್ತಿದ್ದರು. ಪ್ರೈಮರಿ ಶಾಲೆಯ ಟೀಚರು ಯಮುನ ಆ ವರ್ಷ ಮೇಲ್ದರ್ಜೆಯ ಇಂಗ್ಲಿಷ್ ಪರೀಕ್ಷೆಗೆ ಕಟ್ಟಿದ್ದಳು. ಪಾಸಾದರೆ ಹೈಸ್ಕೂಲಿನ ಕೆಲಸ. ಪರೀಕ್ಷೆ ನಾಳೆ ಬೆಳಿಗ್ಗೆ ಮಡಿಕೇರಿಯಲ್ಲಿ. ಬಸ್ಸು ಇವತ್ತು ಮೂರು ಗಂಟೆಗೆ.

ಅವಳ ಓದಿಗೆ ಮೇಜು ಇರಲಿಲ್ಲ. ಹಸು ಕರೆಯುವಾಗ ಪ್ರಬಂಧ, ಒಲೆ ಊದುವಾಗ ಪತ್ರಲೇಖನ, ಕಡುಬಿಗೆ ಅಕ್ಕಿ ಬೀಸುವಾಗ ಪದ್ಯ. ಪುಸ್ತಕದ ಒಂದೊಂದು ಪುಟಕ್ಕೂ ಒಂದೊಂದು ಸಾರಿನ ವಾಸನೆ. ಎಲ್ಲಿಯವರೆಗೆ ಓದಿದ್ದೇನೆ ಎಂಬುದನ್ನು ಅವಳು ಮೂಸಿಯೇ ಹೇಳಬಲ್ಲವಳಾಗಿದ್ದಳು.

ಗಂಡ ಕುಶಾಲಪ್ಪ ಎಸ್ಟೇಟಿನ ರೈಟರು, ಕೆಲಸಕ್ಕೆ ಹೋಗಿದ್ದ. ಅತ್ತೆ ಬೊಳ್ಳಮ್ಮ ಒಳಗೆ ಮಲಗಿದ್ದರು. ಅಂಗಳದಲ್ಲಿ ಬೇಯಿಸಿದ ಬತ್ತ ಒಣಗುತ್ತಿತ್ತು. ಯಮುನ ಹೊಸ್ತಿಲಲ್ಲಿ ಕೂತು ಒಂದು ಕಣ್ಣು ಬತ್ತದ ಮೇಲೆ, ಒಂದು ಕಣ್ಣು ಪುಸ್ತಕದ ಮೇಲೆ ಇಟ್ಟಿದ್ದಳು. ಮಂಗ ಬಂತು, ಓಡಿಸಿದಳು. ಮತ್ತೆ ಬಂತು, ಮತ್ತೆ ಓಡಿಸಿದಳು. ಆರನೇ ಸಲ ಅದು ಬತ್ತದ ಗೊಡವೆಗೇ ಹೋಗದೆ ಪುಸ್ತಕವನ್ನೇ ಎತ್ತಿಕೊಂಡು ಹಲಸಿನ ಮರ ಹತ್ತಿ, ಶಾಲೆ ತನಿಖೆಗೆ ಬಂದ ಇನ್ಸ್‌ಪೆಕ್ಟರರ ಹಾಗೆ ಗಂಭೀರವಾಗಿ ಪುಟ ತಿರುವತೊಡಗಿತು.

ಯಮುನ ಗೋಡೆಯ ಮೇಲಿದ್ದ ಜೋಡು ನಳಿಗೆಯ ಕೋವಿ ತಂದು ಆಕಾಶಕ್ಕೆ ಒಂದು ಗುಂಡು ಹಾರಿಸಿದಳು. ಇನ್ಸ್‌ಪೆಕ್ಟರರು ಕದಲಲಿಲ್ಲ. ಇನ್ನೊಂದು ಹಾರಿಸಿದಳು.

ಪುಸ್ತಕ ಬಿತ್ತು. ಅದನ್ನು ಎತ್ತಿಕೊಂಡ ಮೇಲೆಯೇ ಅವಳಿಗೆ ಕೊಡಗಿನ ಕಟ್ಟಳೆ ನೆನಪಾದದ್ದು. ಒಂದು ಗುಂಡು ಹಾರಿದರೆ ಮನೆಯಲ್ಲಿ ಗಂಡುಮಗು ಹುಟ್ಟಿದೆ ಎಂದು. ಒಂದರ ಹಿಂದೆ ಒಂದು ಎರಡು ಹಾರಿದರೆ ಸಾವಾಗಿದೆ ಎಂದು. ಕೇಳಿದವರೆಲ್ಲ ಹಿಡಿದ ಕೆಲಸ ಬಿಟ್ಟು ಬರಬೇಕು.

ಬಂದೇ ಬಂದರು. ಎಲ್ಲರಿಗಿಂತ ಮುಂದೆ ನೆರೆಮನೆಯ ಸುಲೋಚನಮ್ಮ, ಎದೆ ಬಡಿದುಕೊಳ್ಳುತ್ತ.

“ಅಯ್ಯೋ ಬೊಳ್ಳಕ್ಕ! ನಿನ್ನೆ ತಾನೇ ನನ್ನ ಹತ್ರ ಜಗಳ ಮಾಡಿದ್ರಲ್ಲ! ಎಷ್ಟು ಚಂದ ಮಾಡಿದ್ರು!”

ಗಲಾಟೆಗೆ ಬೊಳ್ಳಮ್ಮ ಎದ್ದು ಬಂದರು. “ಎಂತ ಇದು? ಯಾರು ಹೋದ್ದು?”

“ನೀವೇ ಗಡ!” ಎಂದರು ಸುಲೋಚನಮ್ಮ.

“ನಾನಾ? ನಂಗೆ ಯಾರೂ ಹೇಳ್ಲೇ ಇಲ್ಲೆ!”

ಅಷ್ಟರಲ್ಲಿ ಕುಶಾಲಪ್ಪ “ಅವ್ವಾ, ನನ್ನ ಬಿಟ್ಟು ಹೋದ್ಯಾ!” ಎಂದು ಅಳುತ್ತ ಓಡಿ ಬಂದ.

“ಎಲ್ಲೂ ಹೋಗ್ಲಿಲ್ಲೆ. ಬತ್ತ ತುಳಿಬೇಡ, ಸುತ್ತು ಹಾಕಿ ಬಾ,” ಎಂದರು ಅವ್ವ.

ಜಗಲಿ ತುಂಬಿತು. ಬೊಳ್ಳಮ್ಮ ನಡುವೆ ಕೂತು, ತಾವು ಹೋದರೆಂದು ಯಾರು ಯಾರು ಎಷ್ಟೆಷ್ಟು ಅತ್ತರೆಂದು ವಿಚಾರಿಸಿಕೊಂಡರು. ಬಂದವರನ್ನು ಹಾಗೇ ಕಳಿಸಲಾದೀತೇ? “ಸಾವಂತೂ ಇಲ್ಲೆ, ಕಾಫಿಯಾದ್ರೂ ಉಂಟಾ ಟೀಚರೇ?” ಎಂದ ಒಬ್ಬ. ಯಮುನ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ನಲವತ್ತು ಲೋಟ ಕಾಫಿ ಮಾಡಿದಳು. ಎಲ್ಲಿ ಕಾಫಿಯಿದ್ದರೂ ಮೊದಲು ಹಾಜರಾಗುವ ಅಂಚೆಯ ಕೆಂಪಣ್ಣ ಮಾತ್ರ ಅಂದು ಕಾಣಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ.

ಮೂರು ಗಂಟೆಯಾಯಿತು. ಬಸ್ಸು ತಪ್ಪಿತೆಂದು ಯಮುನ ಒಲೆಯ ಮುಂದೆ ಕಣ್ಣೊರೆಸಿಕೊಂಡಳು. ಹೊಗೆಯೆಂದುಕೊಂಡರು ಎಲ್ಲರೂ. ಆಗ ಜಗಲಿಯ ಮೂಲೆಯಿಂದ ಒಬ್ಬ ಲೋಟ ಕೆಳಗಿಟ್ಟು ಎದ್ದ. ಡ್ರೈವರ್ ಸೋಮ! ಗುಂಡಿನ ಸದ್ದಿಗೆ ಅವನೂ ಬಸ್ಸನ್ನು ಗದ್ದೆಯ ಬದಿಗೆ ನಿಲ್ಲಿಸಿ ಬಂದಿದ್ದ.

“ಬನ್ನಿ ಟೀಚರೇ, ನಿಮ್ಮನ್ನ ಬಿಟ್ಟು ಹೋಗುದುಂಟಾ?”

ಕುಶಾಲಪ್ಪನೇ ಪೆಟ್ಟಿಗೆ ಹೊತ್ತ. ಮದುವೆಯಾದ ಮೇಲೆ ಮೊದಲ ಸಲ. ರಾತ್ರಿ ಗೆಳತಿ ಸರ್ವಮಂಗಳಳ ಮನೆಯಲ್ಲಿ ತಂಗಿ, ಬೆಳಿಗ್ಗೆ ಒಂಬತ್ತಕ್ಕೇ ಯಮುನ ಪರೀಕ್ಷೆಯ ಕೋಣೆಯ ಬಾಗಿಲಲ್ಲಿದ್ದಳು. ಬಾಗಿಲಿಗೆ ಬೀಗ.

“ಇವತ್ತು ಪರೀಕ್ಷೆ ಇಲ್ಲಮ್ಮ,” ಎಂದ ಜವಾನ. “ಇರೋದೇ ಮೂವರು ಅಭ್ಯರ್ಥಿಗಳು, ಇನ್ನು ಮುಂದಿನ ವರ್ಷ ಬನ್ನಿ. ಪ್ರಶ್ನೆಪತ್ರಿಕೆ ಪೆಟ್ಟಿಗೆಯ ಬೀಗದ ಕೈ ಪರೀಕ್ಷೆ ನಡೆಸೋ ಪದ್ಮಯ್ಯ ಸಾಹೇಬರ ಸೊಂಟದಲ್ಲಿ. ಅವರು ಬೆಳಗಿನ ಬಸ್ಸಿಗೆ ಹೊರಟುಹೋದ್ರು. ಅವರ ಸೋದರತ್ತೆ ತೀರಿಕೊಂಡ್ರಂತೆ. ಕೆಂಪಣ್ಣ ಅಂತ ಯಾರೋ ಪುಣ್ಯಾತ್ಮ, ನೆಂಟರಿಗೆಲ್ಲ ನಿನ್ನೆಯೇ ತಂತಿ ಹೊಡೆದಿದಾನೆ.”

ಸಂಜೆ ಯಮುನ ಮನೆಗೆ ಬಂದಾಗ ಜಗಲಿಯಲ್ಲಿ ಮಡಿಕೇರಿ, ಪಾಲಿಬೆಟ್ಟ, ಶ್ರೀಮಂಗಲದ ನೆಂಟರೆಲ್ಲ ನೆರೆದಿದ್ದರು. ನಡುವೆ ಬೊಳ್ಳಮ್ಮ, ಮದುಮಗಳ ಹಾಗೆ. ಪಕ್ಕದಲ್ಲಿ ಅವರ ಸೋದರಳಿಯ ಪದ್ಮಯ್ಯನವರು, ಸೊಂಟದಲ್ಲಿ ಬೀಗದ ಕೈ ಫಳಫಳಿಸುತ್ತ.

ಪದ್ಮಯ್ಯನವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅಲ್ಲ ಯಮುನ, ಮನೆ ತುಂಬ ಜನ ಇರುವಾಗ ನೀನು ಮಡಿಕೇರಿ ಸುತ್ತಲು ಹೋದ್ದಾ? ಇರಲಿ, ಕಾಫಿ ಇಡು.”