ಮಾವನ ಕೆಂಪು ಬೀಗ

ನಮ್ಮ ಮಾವನಿಗೆ ಒಂದು ತಿಂಗಳ ಕಾಲ ಬೀಗ ಬಿದ್ದಿತ್ತು. ಹಾಕಿದವರು ಯಾರೆಂದು ಕೇಳುತ್ತೀರಾ? ಸ್ವತಃ ಮಾವನೇ!

ಮಾವ ಎಂದರೆ ನನ್ನ ಅಮ್ಮನ ತಮ್ಮ. ವಯಸ್ಸು ನಲವತ್ನಾಲ್ಕು. ಸೌದಿಯ ಜುಬೈಲಿನ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಪಂಪು ರಿಪೇರಿ ಮಾಡುತ್ತಿದ್ದಾರೆ. ನಾನು ಅಲ್ಲಿಯೇ ಎರಡು ವರ್ಷದಿಂದ, ಅವರು ಮತ್ತೊಮ್ಮೆ ರಿಪೇರಿ ಮಾಡಬೇಕಾಗುವಂತೆ ರಿಪೇರಿ ಮಾಡುತ್ತಿದ್ದೇನೆ. ಕೆಲಸಗಾರರ ಕ್ಯಾಂಪಿನಲ್ಲಿ ಇಬ್ಬರಿಗೂ ಒಂದೇ ಕೋಣೆ.

ಬೀಗದ ಕತೆ ಅರ್ಥವಾಗಬೇಕಾದರೆ ನಮ್ಮ ಕೆಲಸದ ಒಂದು ನಿಯಮ ತಿಳಿದಿರಬೇಕು. ಪಂಪು ಬಿಚ್ಚುವ ಮೊದಲು ಸ್ವಿಚ್ಚು ಆರಿಸಿ, ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬನೂ ಆ ಸ್ವಿಚ್ಚಿಗೆ ತನ್ನದೇ ಒಂದು ಕೆಂಪು ಬೀಗ ಹಾಕಬೇಕು. ಜೊತೆಗೆ ತನ್ನ ಫೋಟೋ ಇರುವ ಚೀಟಿ: 'ಅಪಾಯ. ಚಾಲೂ ಮಾಡಬೇಡಿ.' ಕೀಲಿಕೈ ಅವನ ಕಿಸೆಯಲ್ಲೇ ಇರಬೇಕು. ಆ ಬೀಗ ತೆಗೆಯುವ ಅಧಿಕಾರ ಮ್ಯಾನೇಜರಿಗೂ ಇಲ್ಲ, ನಮಗೆ ವೀಸಾ ಕೊಟ್ಟು ಕರೆಸಿಕೊಂಡ ಕಫೀಲನಿಗೂ ಇಲ್ಲ.

ಹೀಗಿರುವಾಗ ಮಾವನಿಗೆ ಆಫೀಸಿಗೆ ಬಡ್ತಿ ಬಂತು. ಏಸಿ ಕೋಣೆ, ಗಿರಗಿರ ತಿರುಗುವ ಕುರ್ಚಿ, ಯಾವ ಪಂಪನ್ನು ಯಾವಾಗ ಬಿಚ್ಚಬೇಕೆಂದು ಕಂಪ್ಯೂಟರಿನಲ್ಲಿ ಬರೆಯುವ ಕೆಲಸ. ಒಂದು ತಿಂಗಳೊಳಗೆ ಉತ್ತರ ಹೇಳಬೇಕು. ಬಿಸಿಲಿನಲ್ಲಿ ಹಪ್ಪಳದಂತೆ ಒಣಗುವ ಮನುಷ್ಯ ಇದಕ್ಕೆ ಎಷ್ಟು ಹೊತ್ತು ಯೋಚಿಸಬೇಕು? ನಾನಾಗಿದ್ದರೆ ಮೊದಲು ಆ ಕುರ್ಚಿಯಲ್ಲಿ ಕುಳಿತು, ಆಮೇಲೆ ಯೋಚಿಸುತ್ತಿದ್ದೆ!

"ನಿಲ್ಲಿಸದೆ ಓಡಿದ ಮಿಷನ್ ಮಾರಾಯ ನಾನು" ಎಂದರು ಮಾವ. "ನಂಗೆ ಎಂತ ಬೇಕು ಅಂತ ನಂಗೇ ಗೊತ್ತಿಲ್ಲ. ಓಡ್ತಾ ಇರುವಾಗ ಒಳಗೆ ನೋಡ್ಲಿಕ್ಕೆ ಆಗ್ತದಾ? ಮೊದಲು ಆಫ್ ಮಾಡ್ಬೇಕು."

ಮೊದಲ ಶುಕ್ರವಾರವೇ, ರಜೆಯ ದಿನ, ನನ್ನನ್ನು ಹೊರಗೆ ದಬ್ಬಿ, ಬಾಗಿಲ ಹಿಡಿಗೆ ಕೆಂಪು ಬೀಗ ನೇತುಹಾಕಿದರು. ಜೊತೆಗೆ ಅವರ ಫೋಟೋ ಇರುವ ಚೀಟಿ. ಅದರ ಕೆಳಗೆ 'ಒಳಗೆ ರಿಪೇರಿ ನಡೆಯುತ್ತಿದೆ' ಎಂದು ಹಿಂದಿಯಲ್ಲಿ ಒಂದು ಸಾಲು. ಕ್ಯಾಂಪ್ ಬಾಸ್ ಅದನ್ನು ಓದಿ ಗಾಬರಿಯಾದ. ಅರ್ಧ ಗಂಟೆಯಲ್ಲಿ ಪ್ಲಂಬರ್ ಹಾಜರ್! ಬಾಗಿಲು ಬಡಿದು ಕೇಳಿದ: "ಲೀಕ್ ಕಹಾಂ ಹೈ ಭಾಯ್?"

ಮಾವ ಬಾಗಿಲು ತೆರೆದರು. ಗಂಭೀರವಾಗಿ ಹೇಳಿದರು: "ವಹೀ ಢೂಂಢ್ ರಹಾ ಹೂಂ."

ಆ ಲೀಕನ್ನು ಹುಡುಕುವುದಕ್ಕೂ ಅವರದೊಂದು ಕ್ರಮವಿತ್ತು. ಪಂಪಿಗೆ ಗಂಟೆಗೊಮ್ಮೆ ರೀಡಿಂಗ್ ಬರೆಯುತ್ತೇವಲ್ಲ, ಹಾಗೆಯೇ ತಮ್ಮ ಮನಸ್ಸಿಗೂ ಒಂದು ಪುಸ್ತಕ ಇಟ್ಟರು. 'ಬೆಳಿಗ್ಗೆ ೬.೧೦. ಹಗುರ.' '೯.೦೦. ಮೀಟಿಂಗ್. ಬೇರಿಂಗ್ ಸವೆದ ಶಬ್ದ.' ಇಂಥ ಪುಸ್ತಕ ಕಂಡರೆ ನನ್ನಂಥವನ ಕೈ ಸುಮ್ಮನಿರುತ್ತದೆಯೇ? ಮಾವನ ಅಕ್ಷರದಲ್ಲೇ ಮೂರು ದಿನ ಬರೆದೆ: 'ಮಧ್ಯಾಹ್ನ ೧೨.೩೦. ಮೀನು ಗಸಿ. ಅತ್ಯಂತ ಹಗುರ.'

ಮಾವ ಅದನ್ನು ಓದಿ ನಗಬೇಕಿತ್ತು. ತಾವೇ ಬರೆದದ್ದೆಂದು ನಂಬಿಬಿಟ್ಟರು!

"ದಾಖಲೆ ಹೇಳ್ತಾ ಉಂಟಲ್ಲ ಮಾರಾಯ. ನಾನು ಹೋಟ್ಲು ಇಡ್ಬೇಕಾದವನೋ ಏನೋ."

ಮುಂದಿನ ಶುಕ್ರವಾರ ತಾವೇ ಗಸಿ ಮಾಡಿ, ಡಬ್ಬಿಯಲ್ಲಿ ತುಂಬಿಸಿ, ಪೇಟೆಯಲ್ಲಿ ಹೋಟೆಲು ನಡೆಸುವ ಭಟ್ಕಳದ ಸಾಹೇಬರ ಮುಂದೆ ಇಟ್ಟರು. ಸಾಹೇಬರು ಒಂದು ಚಮಚ ಬಾಯಿಗಿಟ್ಟರು. ಒಂದು ಲೋಟ ನೀರು ಕುಡಿದರು. ಇನ್ನೊಂದು ಲೋಟ ಕುಡಿದರು.

"ನೀವು ಪಂಪು ಭಾರೀ ಚೆನ್ನಾಗಿ ರಿಪೇರಿ ಮಾಡ್ತೀರಂತೆ, ಹೌದಾ?"

"ಹೌದು ಸಾಹೇಬ್ರೇ."

"ಅಲ್ಹಮ್ದುಲಿಲ್ಲಾಹ್. ಅದನ್ನೇ ಮಾಡಿ."

ಕ್ಯಾಂಪಿಗೆ ವಾಪಸಾಗುವಾಗ ಬಸ್ಸಿನಲ್ಲಿ ನಾನು ತಪ್ಪೊಪ್ಪಿಕೊಂಡೆ. ಮಾವ ಬೈಯಲಿಲ್ಲ. ಕಿಟಕಿಯ ಆಚೆ ಚಿಮಣಿಗಳನ್ನು ನೋಡುತ್ತಾ, "ಸುಳ್ಳು ರೀಡಿಂಗ್ ಬರೀಬಾರ್ದು ಮಾರಾಯ. ಅದನ್ನು ನಂಬಿ ಯಾರೋ ಮಿಷನ್ ಓಡಿಸ್ತಾರೆ" ಎಂದರಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಸುಳ್ಳನ್ನೆಲ್ಲ ಹೊಡೆದುಹಾಕಿದ ಮೇಲೆ ಹಗುರವೆಂದು ಉಳಿದದ್ದು ಒಂದೇ. ಬೆಳಿಗ್ಗೆ ೬.೧೦. ದಿನವೂ ಹಗುರ. "ಅದು ಚಹಾದ ಮಹಿಮೆ" ಎಂದೆ ನಾನು. ಮಾವ ಮೂರು ದಿನ ಚಹಾ ಬಿಟ್ಟು ಪರೀಕ್ಷಿಸಿದರು. ತಲೆನೋವು ಬಂತು. ಆದರೂ ೬.೧೦ಕ್ಕೆ ಹಗುರವೇ!

ಆ ಹೊತ್ತಿಗೆ ಅವರು ಮಾಡುವುದು ಇಷ್ಟೇ. ಕೆಲಸ ಶುರುವಾಗುವ ಮೊದಲು ಹೊಸ ಹುಡುಗರನ್ನೆಲ್ಲ ನಿಲ್ಲಿಸಿ, ಕೈಕಾಲು ಉಳಿಸಿಕೊಳ್ಳುವುದು ಹೇಗೆಂದು ಹತ್ತು ನಿಮಿಷ ಹೇಳುತ್ತಾರೆ. ತುಳುವಿನಲ್ಲಿ, ಹಿಂದಿಯಲ್ಲಿ, ಅರ್ಧಂಬರ್ಧ ನೇಪಾಳಿಯಲ್ಲಿ, ಅದೂ ಸಾಲದಿದ್ದರೆ ಕುಣಿದು. ನಾನು ಹಿಂದಿನ ಸಾಲಿನಲ್ಲಿ ನಿಂತು ಅವರ ಕುಣಿತವನ್ನು ಅನುಕರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಅವರು ಏನು ಹೇಳುತ್ತಿದ್ದರೆಂದು ಕೇಳಿಸಿಕೊಂಡವನಲ್ಲ.

ತಿಂಗಳ ಕೊನೆಯ ದಿನ ಬಂತು. ಹತ್ತು ಗಂಟೆಗೆ ಮಾವ ಮ್ಯಾನೇಜರಿಗೆ ಉತ್ತರ ಹೇಳಬೇಕು. ಅಂದು ನಾನು ತಡವಾಗಿ ಬಂದು, ಅವಸರದಲ್ಲಿ ಪಂಪಿನ ಹಿಂಬದಿಗೆ ನುಗ್ಗಿ ಕೈ ಒಳಗೆ ಹಾಕಿದ್ದೆ. ನನ್ನ ಬೀಗ ನನ್ನ ಕಿಸೆಯಲ್ಲೇ ಇತ್ತು! ಮುಂಬದಿಯಲ್ಲಿದ್ದ ಇಬ್ಬರು ಕೆಲಸ ಮುಗಿಸಿ ತಮ್ಮ ಬೀಗ ತೆಗೆದುಕೊಂಡು ಹೋದರು. ಸ್ವಿಚ್ಚಿನಲ್ಲಿ ಬೀಗವಿಲ್ಲ ಎಂದರೆ ಪಂಪಿನಲ್ಲಿ ಯಾರೂ ಇಲ್ಲ ಎಂದರ್ಥ. ಎಲೆಕ್ಟ್ರಿಷಿಯನ್ ಬಂದು ಸ್ವಿಚ್ಚಿಗೆ ಕೈ ಚಾಚಿದ.

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೀಟಿಂಗಿಗೆ ಹೊರಟಿದ್ದ ಮಾವನಿಗೆ ಪಂಪಿನಡಿಯಲ್ಲಿ ನನ್ನ ಬೂಟು ಕಂಡಿತಂತೆ. ಅವರು ಓಡಿದ್ದನ್ನು ನಾನು ನೋಡಲಿಲ್ಲ. 'ಟಕ್' ಎಂದು ಬೀಗ ಬಿದ್ದ ಸದ್ದು ಮಾತ್ರ ಕೇಳಿಸಿತು.

"ಹೊರಗೆ ಬಾ" ಎಂದರು ಮಾವ. ಅಷ್ಟೇ.

ಬಂದೆ. ಸ್ವಿಚ್ಚಿನಲ್ಲಿ ಅವರ ಬೀಗ ಇನ್ನೂ ತೂಗಾಡುತ್ತಿತ್ತು. ಕೆಲಸ ನಿಂತಿತು. ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಮಾವ ಒಂದು ಬಕೆಟನ್ನು ಬೋರಲು ಹಾಕಿ ಪಕ್ಕದಲ್ಲಿ ಕುಳಿತರು.

"ಮಾವ, ಹತ್ತು ಗಂಟೆ ಆಯ್ತು. ಮ್ಯಾನೇಜರ್ ಕಾಯ್ತಾ ಇರ್ತಾರೆ. ನೀವು ಹೋಗಿ."

"ಕಾಯ್ಲಿ. ನೀನು ನೀರು ಕುಡಿ."

ಮರುದಿನ ಮಾವ ಮ್ಯಾನೇಜರ ಬಳಿ ಹೋಗಿ ತಿರುಗುವ ಕುರ್ಚಿ ಬೇಡವೆಂದರು. ಹೊಸದಾಗಿ ಬರುವವರಿಗೆ ಕೆಲಸ ಕಲಿಸಲು ಹಚ್ಚಿ ಎಂದು ಕೇಳಿದರು. ಅದು ಬಡ್ತಿಯಲ್ಲ, ಬಿಸಿಲೂ ತಪ್ಪುವುದಿಲ್ಲ. ಮ್ಯಾನೇಜರ್ ಎರಡು ಸಲ ಕೇಳಿ ಖಚಿತಪಡಿಸಿಕೊಂಡು, ಆಗಲಿ ಎಂದರಂತೆ. ಮಾವನ ಮೊದಲ ತಂಡದಲ್ಲಿ ಹನ್ನೆರಡು ಹೊಸಬರು, ಒಬ್ಬ ಹಳಬ. ಹಳಬ ಯಾರೆಂದು ಬೇರೆ ಹೇಳಬೇಕೆ? ಈಗ ನಾನು ಮುಂದಿನ ಸಾಲಿನಲ್ಲಿ ನಿಲ್ಲುತ್ತೇನೆ.

ಮೊನ್ನೆ ಮಾವ ಸ್ನಾನಕ್ಕೆ ಹೋದಾಗ ಆ ಪುಸ್ತಕ ಮಂಚದ ಮೇಲಿತ್ತು. ಹಳೆಯ ಚಟ ಬಿಡಲಿಲ್ಲ, ತೆರೆದೆ. ನಾನು ಬೀಗ ಹಾಕದೆ ಪಂಪಿಗೆ ಕೈ ಹಾಕಿದ ದಿನದ ಪುಟದಲ್ಲಿ ಒಂದೇ ರೀಡಿಂಗ್ ಇತ್ತು.

'೧೦.೦೦. ಪಂಪಿನ ಹತ್ತಿರ ಅವನ ಜೊತೆ ಕೂತೆ. ಹಗುರ ಅಲ್ಲ. ಆದರೆ ಬೇರೆ ಎಲ್ಲಿಗೂ ಹೋಗಬೇಕು ಅಂತ ಕಾಣಲಿಲ್ಲ.'

ಪೆನ್ನು ಅಲ್ಲೇ ಇತ್ತು. ಆ ಪುಟದಲ್ಲಿ ನಾನು ಒಂದಕ್ಷರವನ್ನೂ ಸೇರಿಸಲಿಲ್ಲ.