ಓಂಕಾರಯ್ಯ ಮೇಷ್ಟ್ರ ಜಾರುಪತ್ತೆ ಯಂತ್ರ

"ಮಂಗಳಮ್ಮ, ಇಂಥ ಯಂತ್ರ ಭೂಮಿ ಮೇಲೆ ಇನ್ನೊಂದಿಲ್ಲ!" ಎಂದರು ಪಕ್ಕದ ಮನೆಯ ಓಂಕಾರಯ್ಯ ಮೇಷ್ಟ್ರು. ಅದು ನಿಜವೇ. ಹಳೆಯ ರೇಡಿಯೋ ಪೆಟ್ಟಿಗೆಗೆ ಕುಕ್ಕರ್ ವಿಶಲ್ ಸಿಕ್ಕಿಸುವ ಕೆಲಸ ಬೇರೆ ಯಾರು ಮಾಡುತ್ತಾರೆ?

ಅದನ್ನು ಹೊಗಳುವ ವ್ಯವಧಾನ ನನಗಿರಲಿಲ್ಲ. ಹನ್ನೆರಡೂವರೆಗೆ ಗುಡ್ಡದ ಮೇಲಿನ ಕಲ್ಯಾಣ ಮಂಟಪದಲ್ಲಿ ಮುನ್ನೂರು ಎಲೆ ಹಾಕಬೇಕು. ಅಡುಗೆಯ ಗುತ್ತಿಗೆ ನನ್ನದು. ಉಳಿದದ್ದೆಲ್ಲ ಬೆಳಿಗ್ಗೆಯೇ ಹೋಗಿತ್ತು. ಸಾರು, ಹೋಳಿಗೆ ಮಾತ್ರ ನನ್ನ ಕಾರಿನಲ್ಲಿ. ಆ ಕಾರೋ, ಏರು ಬಂದರೆ ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆ ಬೇರೆ! ಮದುವೆ ಕಾಲ, ಊರಲ್ಲಿ ಬಾಡಿಗೆಗೆ ಒಂದು ಆಟೋ ಕೂಡ ಇಲ್ಲ. ಬೀಗರನ್ನು ಸಾರಿಲ್ಲದೆ ಪಂಕ್ತಿಯಲ್ಲಿ ಕೂರಿಸಿದರೆ ಇಪ್ಪತ್ತು ವರ್ಷದ ನನ್ನ ಹೆಸರು ಮಣ್ಣುಪಾಲು.

"ಹ್ಯಾಂಡ್‌ಬ್ರೇಕ್ ಎಳೀರಿ. ನಾಲ್ಕನೇ ಗೇರ್ ಹಾಕಿ, ಕ್ಲಚ್ ಮೆಲ್ಲಗೆ ಬಿಡಿ. ಕ್ಲಚ್ ಗಟ್ಟಿಯಾಗಿದ್ರೆ ಎಂಜಿನ್ ತಕ್ಷಣ ನಿಂತೋಗ್ಬೇಕು," ಎಂದರು ಮೇಷ್ಟ್ರು, ಯಂತ್ರವನ್ನು ಕಾರಿನೊಳಗೆ ಇಡುತ್ತ.

ಬಿಟ್ಟೆ. ಎಂಜಿನ್ ಗುರ್ರೆನ್ನುತ್ತಲೇ ಇತ್ತು. ಯಂತ್ರ ಶಿಳ್ಳೆ ಹಾಕಿ ಮೇಷ್ಟ್ರ ದನಿಯಲ್ಲೇ ಕೂಗಿತು: "ಸದ್ದುಂಟು, ಕೆಲಸವಿಲ್ಲ!"

"ನೋಡಿದ್ರಾ? ಕ್ಲಚ್ ಜಾರ್ತಿದೆ! ಸದಾ ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರ, ಪ್ಲೇಟ್ ಸವೆದಿದೆ."

"ನಾನು ಬಡ್ಕೊಂಡೆ, ಕೇಳಿದ್ಯಾ ನೀನು?" ನಮ್ಮ ಯಜಮಾನರು ರೇಣುಕಪ್ಪನವರು ಜಗಲಿಯಿಂದಲೇ ರಾಗ ತೆಗೆದರು. "ಇರು, ಹೋಳಿಗೆ ಬುಟ್ಟಿ ನಾನೇ ತರ್ತೀನಿ. ಇಗೋ ಎದ್ದೆ, ಬಂದೇಬಿಟ್ಟೆ..."

ಏಳಲಿಲ್ಲ. ಮತ್ತೆ ಶಿಳ್ಳೆ! "ಸದ್ದುಂಟು, ಕೆಲಸವಿಲ್ಲ!"

"ಏನ್ರೀ ಮೇಷ್ಟ್ರೇ, ನನ್ನನ್ನೂ ಇದರಲ್ಲಿ ಸೇರಿಸಿದೀರಾ?"

"ಇಲ್ಲ ರೇಣುಕಪ್ಪ, ಯಂತ್ರಕ್ಕೆ ಭೇದಭಾವ ಗೊತ್ತಿಲ್ಲ!"

ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ನಾನು ಹೇಳಲಾರದ್ದನ್ನು ರೇಡಿಯೋ ಪೆಟ್ಟಿಗೆ ಹೇಳಿಬಿಟ್ಟಿತ್ತು. ಖುಷಿಯಾಯಿತು. ಆದರೆ ಮರುಕ್ಷಣವೇ ಅಳು ಬಂತು. "ಪ್ಲೇಟ್ ಹಾಕ್ಸೋಕೆ ಎರಡು ದಿನ ಬೇಕಲ್ರೀ! ಸಾರು ಗುಡ್ಡ ಹತ್ತೋದು ಹೇಗೆ?"

"ಅದಕ್ಕೇ ಈ ಕೆಂಪು ಗುಂಡಿ! ಸುತ್ತಮುತ್ತ ಪೋಲಾಗೋ ಶಕ್ತೀನೆಲ್ಲ ಹೀರಿ ಚಕ್ರಕ್ಕೆ ಕೊಡುತ್ತೆ!" ಎಂದವರೇ ಅದನ್ನು ಒತ್ತಿಯೇಬಿಟ್ಟರು.

ಮೂವರೂ ಹೊರಟೆವು. ಮೊದಲ ಏರಿನಲ್ಲೇ ಕಾರು ಮುಷ್ಕರ ಹೂಡಿತು.

"ಮೂರನೇ ಗೇರ್ ಹಾಕು! ಅಲ್ಲಲ್ಲ, ಎರಡು! ನಾನಾಗಿದ್ರೆ..." ಯಜಮಾನರು ಶುರುಮಾಡಿದ್ದೇ ತಡ, ಕಾರು ಚಂಗನೆ ಹಾರಿತು!

"ನಿಲ್ಲಿಸ್ಬೇಡ್ರೀ! ಮಾತಾಡ್ತಾನೇ ಇರಿ!"

"ಏನಂತ ಮಾತಾಡ್ಲೇ?"

"ನಮ್ಮಣ್ಣನ ಮನೇಲಿ ನಿಮಗೆ ಮರ್ಯಾದೆ ಕಮ್ಮಿಯಾಯ್ತಲ್ಲ, ಅದನ್ನ ಹೇಳಿ!"

ಗುಡ್ಡದ ಏಳು ತಿರುವುಗಳನ್ನೂ ಒಂದೇ ಉಸಿರಿಗೆ ಹತ್ತಿದೆವು. ಹಾದಿಯಲ್ಲಿ ಒಂದು ಬಸ್ಸನ್ನೂ ಹಿಂದೆ ಹಾಕಿದೆವು.

ಮಂಟಪದ ಮುಂದೆ ಎಂಜಿನ್ ಆರಿಸಿ, ಯಜಮಾನರ ಬಾಯಿಗೆ ಹೋಳಿಗೆ ತುರುಕಿದೆ. ಅಯ್ಯೋ, ಕಾರು ನಿಲ್ಲಲೇ ಇಲ್ಲ! ಒಳಗೆ ಮುನ್ನೂರು ಜನ ಇದ್ದರಲ್ಲ! "ನಾವೇ ಬಡಿಸ್ತೀವಿ ಬಿಡಿ" ಎನ್ನುತ್ತ ಕುರ್ಚಿಗೆ ಅಂಟಿಕೊಂಡವರು ಎಷ್ಟೋ ಮಂದಿ. "ವ್ಯವಸ್ಥೆಯೆಲ್ಲ ನಂದೇ" ಎನ್ನುತ್ತ ಎಲೆಯಡಿಕೆ ಮೆಲ್ಲುತ್ತಿದ್ದ ಗಂಡಿನ ಸೋದರಮಾವ ಒಬ್ಬರೇ ಒಂದು ಲಾರಿ ಓಡಿಸುವಷ್ಟಿದ್ದರು. ಕಾರು ಭೋಜನಶಾಲೆಗೆ ನುಗ್ಗಿ ಎಲೆಸಾಲುಗಳ ನಡುವೆ ಪ್ರದಕ್ಷಿಣೆ ಹಾಕತೊಡಗಿತು. ಹಿಂದೆ ಸಾರು ತುಳುಕುತ್ತಿತ್ತು. ಬ್ರೇಕ್ ಒತ್ತಿದರೆ ಕೇಳಲಿಲ್ಲ. ಕೆಂಪು ಗುಂಡಿ ಮೇಷ್ಟ್ರ ಕೈಗೇ ಕಿತ್ತುಬಂತು!

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿರುಚಿದೆ. "ಎಲ್ಲರೂ ಬಾಯಿ ಮುಚ್ಚಿ! ಇಲ್ಲಾಂದ್ರೆ ಏನಾದ್ರೂ ಕೆಲಸ ಮಾಡಿ!"

"ಯಾರಮ್ಮ ನೀನು, ಬೀಗರಿಗೇ..." ಎಂದು ಸೋದರಮಾವ ಎದ್ದರು. ಕಾರು ಗಕ್ಕನೆ ಅವರತ್ತ ತಿರುಗಿತು. ಮಹಾನುಭಾವರು ಪಂಚೆ ಎತ್ತಿಕಟ್ಟಿ ಸೌಟು ಹಿಡಿದರು.

ಮಂಟಪವೆಲ್ಲ ಗಪ್‌ಚಿಪ್! ಕಾರು ನಿಂತಿತು. ಬೀಗರೇ ಸಾರು ಇಳಿಸಿದರು, ಬೀಗರೇ ಬಡಿಸಿದರು. ಹನ್ನೆರಡೂವರೆಗೆ ಸರಿಯಾಗಿ ಎಲ್ಲರ ಎಲೆಗೂ ಸಾರು ಬಿತ್ತು. ಪಂಕ್ತಿಯ ತುದಿಯಲ್ಲಿ, ಕಾರಿನೊಳಗೆ, ಯಂತ್ರ ಕಿವಿ ನಿಮಿರಿಸಿ ಕೂತಿತ್ತು.

ಕೊನೆಯ ಪಂಕ್ತಿಯಲ್ಲಿ ನಾನು ಉಣ್ಣಲು ಕೂತಾಗಲೇ ತಿಳಿದದ್ದು: ಕಾರಿನ ಗಡಿಬಿಡಿಯಲ್ಲಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ! ಮುನ್ನೂರು ಜನ ಉಂಡಿದ್ದರು, ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಗಂಡಿನ ಕಡೆಯವರಿಂದ ಒಂದು ಕೊಂಕು ಮಾತೂ ಇಲ್ಲದೆ ನಾನು ಮುಗಿಸಿದ ಮದುವೆ ಅದೊಂದೇ.