ಇಪ್ಪತ್ತೈದು ಡಿಗ್ರಿಯ ಕಳ್ಳ

"ಈ ಮನೆಯ ವೈಫೈ ಒಳಕ್ಕೆ ನನ್ನ ಅಪ್ಪಣೆ ಇಲ್ದೆ ಒಂದು ಸೊಳ್ಳೇನೂ ನುಗ್ಗಂಗಿಲ್ಲ!"

ಏಪ್ರಿಲ್ ತಿಂಗಳ ಭಾನುವಾರ ಮಧ್ಯಾಹ್ನ ಮುದ್ದೆ ಉಂಡು ಕೈ ತೊಳೆಯುತ್ತ ತಿಪ್ಪಸಂದ್ರದ ಮುತ್ತುರಾಜು ಹೀಗೆಂದು ಘೋಷಿಸಿದ. ಬಿಡದಿಯ ಕಾರ್ಖಾನೆಯಲ್ಲಿ ಅವನ ಕೆಲಸ ಬೋಲ್ಟು ಬಿಗಿಯುವುದು. ಆದರೆ ಮೂರು ದಿನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ವಿಡಿಯೋ ನೋಡಿ ನೋಡಿ ನೆಟ್‌ವರ್ಕ್ ಪಂಡಿತನಾಗಿಬಿಟ್ಟಿದ್ದ.

"ಸೊಳ್ಳೆ ಇರ್ಲಿ, ಒಸಿ ಸೊಪ್ಪು ಕುಯ್ಕೊಂಡ್ ಬನ್ನಿ," ಎಂದಳು ಹೆಂಡತಿ ವರಲಕ್ಷ್ಮಿ. ಹಿತ್ತಲಿನ ಹುಳದ ಮನೆಯಲ್ಲಿ ಅವಳ ರೇಷ್ಮೆಹುಳುಗಳು ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು, ಹಸಿದು ಎದ್ದಿದ್ದವು. ಈ ಹೊತ್ತಿನಲ್ಲಿ ಝಳ ಬಡಿದರೆ ಅವಳ ಒಂದು ತಿಂಗಳ ದುಡಿಮೆ ತಿಪ್ಪೆಗೆ.

"ಬತ್ತೀನಿ ನಡಿ," ಎಂದವನು ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತ. ಅವಳೇ ಕುಡುಗೋಲು ಹಿಡಿದು ತೋಟಕ್ಕೆ ನಡೆದಳು.

ವೈಫೈಗೆ ಅಂಟಿಕೊಂಡವರ ಪಟ್ಟಿ ಫೋನಿನಲ್ಲಿ ತೆರೆಯಿತು. ತನ್ನ ಫೋನು, ಹೆಂಡತಿಯ ಫೋನು, ಟಿ.ವಿ. ನಾಲ್ಕನೆಯದು ಯಾರದು? ಅದರ ಬಾಗಿಲು ಬಡಿದ. ಪಾಸ್‌ವರ್ಡ್ ಕೇಳಿತು. ಒಂದರಿಂದ ಎಂಟರವರೆಗೆ ಒತ್ತಿದ, ತೆರೆದೇಬಿಟ್ಟಿತು. ಒಳಗೆ ಬರೆದಿತ್ತು: ಇಪ್ಪತ್ತೈದು ಡಿಗ್ರಿ, ಫ್ಯಾನ್ ಚಾಲೂ.

ಎ.ಸಿ.! ತನ್ನ ನೆಟ್ಟಿನಲ್ಲಿ ಯಾವನೋ ಎ.ಸಿ. ಹಾಕಿಕೊಂಡು ಮಲಗಿದ್ದಾನೆ.

ಸುತ್ತ ಐದು ಮನೆಗಳಿದ್ದವು. ಆದರೂ ಅವನ ಅನುಮಾನ ನೆಟ್ಟಗೆ ಪಂಪ್‌ಸೆಟ್ ರಿಪೇರಿ ಮಾಡುವ ಕರೀಮನ ಮನೆಗೇ ಹೋಯಿತು. ಯಾಕೆ ಅಲ್ಲಿಗೇ ಎಂದು ಅವನು ತನ್ನನ್ನೇ ಕೇಳಿಕೊಳ್ಳಲಿಲ್ಲ. ಇಂಥ ಅನುಮಾನಗಳನ್ನು ಯಾರೂ ನಿಲ್ಲಿಸಿ ಕೇಳುವುದೂ ಇಲ್ಲ. ಕರೀಮನ ಶೀಟಿನ ಮನೆಗೆ ಎ.ಸಿ. ಎಲ್ಲಿಂದ ಬಂತು ಎಂದೂ ಅವನಿಗೆ ಹೊಳೆಯಲಿಲ್ಲ.

"ಬೇಯಿ ಮಗನೆ," ಎಂದು ಇಪ್ಪತ್ತೈದನ್ನು ಮೂವತ್ತೆಂಟಕ್ಕೆ ಏರಿಸಿದ. ಕಳ್ಳ ಮತ್ತೆ ಒಳಗೆ ಬಾರದಂತೆ ಪಾಸ್‌ವರ್ಡನ್ನೂ ಬದಲಿಸಿದ. ಧರ್ಮ ಸಂಸ್ಥಾಪನೆ ಮುಗಿಯಿತು. ಮೂರು ದಿನ ಒಂದೇ ಸಮ ದುಡಿದ ಫೋನು ಬ್ಯಾಟರಿ ಮುಗಿದು ಕಣ್ಣು ಮುಚ್ಚಿತು. ಪಕ್ಕದಲ್ಲೇ ಅವನೂ ಮುಚ್ಚಿದ.

"ರೀ, ಏಳ್ರೀ." ವರಲಕ್ಷ್ಮಿಯ ಸೆರಗು ಬೆವರಿನಿಂದ ಒದ್ದೆಯಾಗಿತ್ತು. "ಹುಳದ ಮನೆ ಒಲೆ ಆದಂಗಾಗೈತೆ. ಕರೆಂಟೈತೆ, ಫ್ಯಾನು, ಕೂಲರ್ರು ಎರಡೂ ನಿಂತೋಗವೆ. ಹುಳ ತಲೆ ಎತ್ಕೊಂಡು ಒದ್ದಾಡ್ತಾವೆ."

ಅಷ್ಟರಲ್ಲಿ ಕರೀಂ ಒದ್ದೆ ಗೋಣಿಚೀಲಗಳನ್ನು ಹೊತ್ತು ಓಡಿ ಬಂದ. "ಅಕ್ಕಯ್ಯ, ನನ್ ಫೋನು ಬಡ್ಕೋತಾ ಐತೆ. ಹುಳದ ಮನೆ ಪೆಟ್ಟಿಗೇನ ಯಾವನೋ ಮೂವತ್ತೆಂಟಕ್ಕೆ ಇಟ್ಟವ್ನೆ. ಅಷ್ಟು ಕಾಯೋಗಂಟ ಫ್ಯಾನು ತಿರ್ಗಾಕಿಲ್ಲ. ಪಾಸ್‌ವರ್ಡೂ ಮಾರ್ಪಾಡಾಗೈತೆ. ವೈರೆಲ್ಲ ಆ ಪೆಟ್ಟಿಗೆ ಒಳಗೇ ಹೋಗವೆ, ನೇರ ಹಾಕಾಕೂ ಆಗಾಕಿಲ್ಲ."

"ಯಾವ ಪೆಟ್ಟಿಗೆ?" ಮುತ್ತುರಾಜು ಎದ್ದು ಕೂತ.

"ಗುರುವಾರ ಕರೀಮಣ್ಣ ಕೂಡ್ಸಿದ್ದು. ಪಕ್ಕದಲ್ಲೇ ಕೂತು ಮೂರ್ ಸಲ ಹೇಳಿದ್ನಲ್ರೀ. ಮೂರ್ ಸಲಾನೂ ಹೂಂ ಅಂದ್ರಿ."

ಮುತ್ತುರಾಜು ದಡಕ್ಕನೆ ಎದ್ದ. ಗೋಣಿಚೀಲ ಕಿತ್ತುಕೊಂಡು ಏಣಿ ಹತ್ತಿ ಹುಳದ ಮನೆಯ ಶೀಟಿನ ಮೇಲೆ ಹಾಸತೊಡಗಿದ. ಆ ಕಾದ ಶೀಟು ಕೆಳಗಿನ ಎರಡು ಮುಖಗಳಿಗಿಂತ ಅವನಿಗೆ ತಂಪಾಗಿತ್ತು.

ವರಲಕ್ಷ್ಮಿ ಬಾಗಿಲಲ್ಲಿ ನಿಂತು ಮೇಲೆ ನೋಡಿದಳು. "ನೀವೇನಾ?"

"ಹೂಂ." ಈ ಸಲ ಕೇಳಿಸಿಕೊಂಡೇ ಅಂದ.

"ಬುಡಿ ಅಕ್ಕಯ್ಯ, ಆಮೇಲೆ ಬಯ್ಯೋರಂತೆ," ಎಂದ ಕರೀಂ, ತನ್ನ ಫೋನು ಹಿಡಿದು. "ಮುತ್ತಣ್ಣ, ಹೊಸಾ ಪಾಸ್‌ವರ್ಡ್ ಹೇಳಿ."

"ಇರು, ಇಳ್ದು ಬಂದು ನಾನೇ ಒತ್ತೀನಿ."

"ಮೂವತ್ತಾರಾಗೈತೆ. ಹುಳ ಕಾಯಾಕಿಲ್ಲ."

ಒಳಗಿನಿಂದ ವರಲಕ್ಷ್ಮಿ ತಟ್ಟೆ ಹಿಡಿದು ಗಾಳಿ ಬೀಸುವ ಸದ್ದು ಬರುತ್ತಿತ್ತು. ಮುತ್ತುರಾಜು ಸಾವನದುರ್ಗದ ಬೆಟ್ಟದ ಕಡೆ ಮುಖ ಮಾಡಿ ಹೇಳಿದ: "ಕರೀಂ... ಕಳ್ಳ."

ಬೀಸುವ ಸದ್ದು ನಿಂತಿತು. ಕರೀಂ ಫೋನಿನ ಮೇಲೆ ಬೆರಳಿಟ್ಟ.

"ಎರಡೂ ಸೇರ್ಸಿ ಒತ್ಬೇಕಾ, ನಡುವೆ ಜಾಗ ಬುಡ್ಬೇಕಾ?"

"ಸೇರ್ಸಿ," ಎಂದ ಮುತ್ತುರಾಜು, ಕೇಳಿಸಿಯೂ ಕೇಳಿಸದಂಥ ದನಿಯಲ್ಲಿ.

ಫ್ಯಾನು ತಿರುಗಿತು. ಕೂಲರ್ ಗುಡುಗಿತು. ಸ್ವಲ್ಪ ಹೊತ್ತಿಗೆ ಹುಳುಗಳು ಸೊಪ್ಪಿಗೆ ಬಾಯಿ ಹಾಕಿದವು. ಒಳಗೆ ಸಣ್ಣ ಮಳೆ ಬಿದ್ದಂತೆ ಸದ್ದು.

ಮುತ್ತುರಾಜು ಇಳಿದು ಬಂದು ಕರೀಮನ ಮುಂದೆ ಬರಿಗೈಯಲ್ಲಿ ನಿಂತ. "ತಪ್ಪಾಯ್ತು ಕಣಪ್ಪ. ಆ ಪಾಸ್‌ವರ್ಡ್ ಈಗ್ಲೇ ಬದ್ಲಾಯ್ಸು."

"ಇರ್ಲಿ ಬುಡಿ ಮುತ್ತಣ್ಣ," ಎಂದ ಕರೀಂ, ಖಾಲಿ ಸೊಪ್ಪಿನ ಕುಕ್ಕೆಯನ್ನು ಅವನ ಕೈಗೆ ಕೊಡುತ್ತ. "ಬೇರೆ ಇಟ್ರೆ ನೀವು ಮರ್ತೋಯ್ತೀರಿ."